ಆಯ್ಕೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು: ವಿದೇಶ ವ್ಯಾಸಂಗದ ಸರ್ಕಾರಿ ವಿದ್ಯಾರ್ಥಿವೇತನ ಮತ್ತು ಕಾನೂನು

2025ರ ಜುಲೈನಲ್ಲಿ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಸುದ್ದಿ ಪತ್ರಿಕೆಗಳಿಗೆ ಬಂತು. ಇದು ಪರಿಶಿಷ್ಟ ಜಾತಿಯ ಮತ್ತು ಇತರ ಕೆಲವು ದುರ್ಬಲ ವರ್ಗಗಳ ಮಕ್ಕಳನ್ನು ವಿದೇಶಿ ವಿಶ್ವವಿದ್ಯಾಲಯಗಳಿಗೆ ಕಳಿಸಲು ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ ನಡೆಸುವ ಯೋಜನೆ. ಇದ್ದ ಸ್ಥಾನಗಳು 125, ಬಂದಿದ್ದ ಅರ್ಜಿಗಳು 440. ಅವುಗಳಲ್ಲಿ 270 ತಿರಸ್ಕೃತವಾದವು, 64 ಮಂದಿ ಆಯ್ಕೆಯಾಗಲಿಲ್ಲ, 106 ಮಂದಿ ಆಯ್ಕೆಯಾದರು. ಆಯ್ಕೆಯಾದ ಆ 106 ಜನರಲ್ಲೂ ಮೊದಲಿಗೆ ತಾತ್ಕಾಲಿಕ ಮಂಜೂರಾತಿ ಪತ್ರ ಸಿಕ್ಕಿದ್ದು 40 ಮಂದಿಗೆ ಮಾತ್ರ. ಮಿಕ್ಕವರಿಗೆ ಹಣ ಲಭ್ಯವಾದರೆ ಕೊಡುವುದಾಗಿ ಹೇಳಲಾಯಿತು. ಸೆಪ್ಟೆಂಬರಿನಲ್ಲಿ ತರಗತಿ ಶುರುವಾಗಬೇಕಿದ್ದವರಿಗೆ ಜುಲೈನಲ್ಲಿ ಈ ಉತ್ತರ!

ಈ ಅಂಕಿಗಳಲ್ಲಿ ಎರಡು ಬೇರೆ ಬೇರೆ ಕಾನೂನು ಪ್ರಶ್ನೆಗಳಿವೆ. ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪೈಪೋಟಿಗೆ ಇಳಿಯುವ ಮೊದಲೇ ಹೊರಬಿದ್ದರು. ಅದು ಅರ್ಹತೆಯ, ದಾಖಲೆಯ ಪ್ರಶ್ನೆ. ಗೆದ್ದವರಲ್ಲಿ 66 ಮಂದಿ ಬಾಗಿಲ ಬಳಿ ನಿಂತರು. ಅದು ಸರ್ಕಾರದ ಹೊಣೆಗಾರಿಕೆಯ ಪ್ರಶ್ನೆ. ಮೊದಲನೆಯದಕ್ಕೆ ಮದ್ದು ಹೆಚ್ಚಾಗಿ ನಮ್ಮ ಕೈಯಲ್ಲೇ ಇದೆ. ಎರಡನೆಯದಕ್ಕೆ ಕಾನೂನು ಕೊಡುವ ಉತ್ತರ ನಾವು ಬಯಸಿದಷ್ಟು ಗಟ್ಟಿಯಾಗಿಲ್ಲ, ಹಾಗೆಂದು ಪೊಳ್ಳೂ ಅಲ್ಲ.

ಯಾರಿಗೆ, ಎಷ್ಟು

ಈ ಯೋಜನೆ 1954-55ರಿಂದ ಇದೆ. 125 ಸ್ಥಾನಗಳಲ್ಲಿ 115 ಪರಿಶಿಷ್ಟ ಜಾತಿಗೆ, 6 ವಿಮುಕ್ತ, ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯಗಳಿಗೆ, 4 ಭೂಹೀನ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ಶೇ 30ರಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಸ್ನಾತಕೋತ್ತರ ಪದವಿ ಮತ್ತು ಪಿಎಚ್‌ಡಿಗೆ ಮಾತ್ರ ಸಿಗುತ್ತದೆ; ಪಿಯುಸಿ ಮುಗಿಸಿ ವಿದೇಶದಲ್ಲಿ ಪದವಿಗೆ ಸೇರುವವರಿಗೆ ಇದು ಅನ್ವಯಿಸದು. ಅರ್ಹತಾ ಪರೀಕ್ಷೆಯಲ್ಲಿ ಕನಿಷ್ಠ ಶೇ 60 ಅಂಕ, ಆಯ್ಕೆಯ ವರ್ಷದ ಏಪ್ರಿಲ್ 1ಕ್ಕೆ 35 ದಾಟದ ವಯಸ್ಸು, ವರ್ಷಕ್ಕೆ 8 ಲಕ್ಷ ರೂಪಾಯಿ ಮೀರದ ಕುಟುಂಬದ ಆದಾಯ, ಕ್ಯೂಎಸ್ ಜಾಗತಿಕ ಪಟ್ಟಿಯ ಮೊದಲ 500 ಸಂಸ್ಥೆಗಳಲ್ಲಿ ಪ್ರವೇಶ: ಇವು ಮುಖ್ಯ ಷರತ್ತುಗಳು. ಒಂದೇ ತಂದೆತಾಯಿಯ ಇಬ್ಬರು ಮಕ್ಕಳಿಗಿಂತ ಹೆಚ್ಚಿಗೆ ಸಿಗುವುದಿಲ್ಲ.

ಸಿಗುವುದು ಸಣ್ಣ ಮೊತ್ತವಲ್ಲ. ಬೋಧನಾ ಶುಲ್ಕ, ವೀಸಾ ಶುಲ್ಕ, ವೈದ್ಯಕೀಯ ವಿಮೆ, ಇಕಾನಮಿ ದರ್ಜೆಯ ವಿಮಾನ ಟಿಕೆಟ್‌ಗಳ ಜತೆಗೆ ಬ್ರಿಟನ್ನಿನಲ್ಲಿ ಓದುವವರಿಗೆ ವರ್ಷಕ್ಕೆ 9,900 ಪೌಂಡ್, ಅಮೆರಿಕ ಮತ್ತು ಇತರ ದೇಶಗಳಲ್ಲಿ ಓದುವವರಿಗೆ 15,400 ಡಾಲರ್ ಜೀವನ ನಿರ್ವಹಣಾ ಭತ್ಯೆ ಇದೆ. ಲಂಡನ್ ಅಥವಾ ನ್ಯೂಯಾರ್ಕಿನ ಬಾಡಿಗೆಗೆ ಇದು ಬಿಗಿಯೇ. ಸಾಲ ಮಾಡಿ ಹೋಗುವ ಸಹಪಾಠಿಯ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಇದರ ಬೆಲೆ ತಿಳಿಯುತ್ತದೆ.

ಪರಿಶಿಷ್ಟ ಪಂಗಡದವರು ಇಲ್ಲಿ ಅರ್ಜಿ ಹಾಕಿದರೆ ವ್ಯರ್ಥ. ಅವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆಯಿದೆ. ಅದರಲ್ಲಿರುವ ವರ್ಷಕ್ಕೆ 20 ಸ್ಥಾನಗಳಲ್ಲಿ 3 ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮೀಸಲು. ಕರ್ನಾಟಕದಲ್ಲಿ ಆ ವರ್ಗಕ್ಕೆ ಸೇರುವವರು ಜೇನುಕುರುಬರು ಮತ್ತು ಕೊರಗರು. ಪದವಿ ಮುಗಿಸಿದ ಕೊರಗ ಅಥವಾ ಜೇನುಕುರುಬ ಹುಡುಗ ಹುಡುಗಿಯರಿಗೆ ಈ ಮೂರು ಸ್ಥಾನಗಳ ವಿಷಯವನ್ನು ಹಾಡಿಗೆ, ಆಶ್ರಮ ಶಾಲೆಗೆ ಹೋಗಿ ಹೇಳುವವರು ಬೇಕು. ಇವಲ್ಲದೆ ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯೂ ಇದೆ. ಅದರ ಷರತ್ತುಗಳನ್ನು ಆಯಾ ವರ್ಷದ ಸರ್ಕಾರಿ ಆದೇಶದಲ್ಲೇ ನೋಡಿಕೊಳ್ಳಬೇಕು. ಹಳೆಯ ಯೂಟ್ಯೂಬ್ ವಿಡಿಯೋ ನಂಬಿ ಕೂರಬಾರದು.

ಮಾರ್ಗಸೂಚಿಯನ್ನು ಪ್ರತಿ ವರ್ಷ ಹೊಸದಾಗಿ ಓದಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2022ರಲ್ಲಿ ಕೇಂದ್ರದ ಯೋಜನೆ ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತ ಕುರಿತ ಸಮಾಜ ಅಧ್ಯಯನದ ಸಂಶೋಧನೆಗಳನ್ನು ಏಕಾಏಕಿ ಹೊರಗಿಟ್ಟಿತು. ದಲಿತ ವಿದ್ಯಾರ್ಥಿಯೊಬ್ಬ ಆಕ್ಸ್‌ಫರ್ಡಿಗೆ ಹೋಗಿ ಜಾತಿಯ ಬಗ್ಗೆ ಸಂಶೋಧನೆ ಮಾಡಲು ದಲಿತರಿಗೆಂದೇ ಇರುವ ಹಣ ಸಿಗದು ಎಂದರೆ ಅದು ಯಾವ ನ್ಯಾಯವೋ ನನಗೆ ಅರ್ಥವಾಗಿಲ್ಲ. ಆದರೆ ಅರ್ಜಿ ತುಂಬುವಾಗ ನಮ್ಮ ಅಭಿಪ್ರಾಯ ಲೆಕ್ಕಕ್ಕೆ ಬರುವುದಿಲ್ಲ. ಸಂಶೋಧನಾ ಪ್ರಸ್ತಾವನೆಯ ಶೀರ್ಷಿಕೆಯನ್ನೇ ನೋಡಿ ಅರ್ಜಿ ಬದಿಗಿಡುವ ಸಾಧ್ಯತೆ ಇರುವಾಗ ಆ ವರ್ಷದ ನಿಯಮ ಏನೆಂದು ಮೊದಲು ತಿಳಿದುಕೊಳ್ಳಬೇಕು.

ಕೆಲಸ ಶುರುವಾಗುವುದು ನಾಡಕಚೇರಿಯಲ್ಲಿ

ವಿದೇಶದ ದಾರಿಯಲ್ಲಿ ಮೊದಲು ಸಿಗುವುದು ನಾಡಕಚೇರಿ, ವಿಮಾನ ನಿಲ್ದಾಣವೆಲ್ಲ ಆಮೇಲೆ. ತಹಶೀಲ್ದಾರರು ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಇಡೀ ಅರ್ಜಿಯ ಬುನಾದಿ. ಇಲ್ಲಿ ಒಂದು ಮೋಸದ ತಿರುವಿದೆ. ಕರ್ನಾಟಕದಲ್ಲಿ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಮಾನ್ಯತೆ ಇರುವುದರಿಂದ ಮೂರು ವರ್ಷ ಹಿಂದೆ ಮಾಡಿಸಿದ್ದೇ ಸಾಕು ಎಂದು ಮಕ್ಕಳು ಸುಮ್ಮನಿರುತ್ತಾರೆ. ದೆಹಲಿ ಕೇಳುವುದು ಹಿಂದಿನ ಹಣಕಾಸು ವರ್ಷದ ಆದಾಯವನ್ನು. ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ ಸರಿಯಿದ್ದು, ಮಾನ್ಯತೆಯ ಅವಧಿಯೂ ಉಳಿದಿದ್ದು, ವರ್ಷ ತಪ್ಪಾಗಿದ್ದರೆ ಪ್ರಯೋಜನವಿಲ್ಲ. ತಂದೆ ಅಥವಾ ತಾಯಿ ಸರ್ಕಾರಿ ನೌಕರಿಯಲ್ಲಿದ್ದರೆ ಫಾರ್ಮ್ 16, ಆದಾಯ ತೆರಿಗೆ ರಿಟರ್ನ್ಸ್ ಮತ್ತು ತಹಶೀಲ್ದಾರರ ಪತ್ರ ಇವುಗಳಲ್ಲಿರುವ ಮೊತ್ತ ಒಂದಕ್ಕೊಂದು ತಾಳೆಯಾಗಬೇಕು.

ಪ್ರಮಾಣಪತ್ರ ತಡವಾದರೆ ಸಕಾಲ ಕಾಯ್ದೆ, 2011 ನಿಮ್ಮ ನೆರವಿಗಿದೆ. ಅರ್ಜಿ ಕೊಟ್ಟಾಗ ಸಿಗುವ ಜಿಎಸ್‌ಸಿ ಸಂಖ್ಯೆಯ ರಸೀದಿಯನ್ನು ಬಿಸಾಡಬೇಡಿ. ಗಡುವು ಮೀರಿದರೆ ಅದೇ ಸಂಖ್ಯೆಯ ಮೇಲೆ ಮೇಲ್ಮನವಿ ಸಲ್ಲಿಸಬಹುದು. ತಡವಾದ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಪಡೆಯುವ ಹಕ್ಕಿದೆ. ಐನೂರು ರೂಪಾಯಿ ದೊಡ್ಡದಲ್ಲ ನಿಜ, ಆದರೆ ಮೇಲ್ಮನವಿ ಬಿತ್ತೆಂದರೆ ಕಡತ ಸರಿಯುತ್ತದೆ. ಜಾತಿ ಪ್ರಮಾಣಪತ್ರವನ್ನೇ ತಹಶೀಲ್ದಾರರು ನಿರಾಕರಿಸಿದರೆ ವಿಷಯ ಗಂಭೀರ. ಆಗ 1990ರ ಕರ್ನಾಟಕ ಮೀಸಲಾತಿ ಕಾಯ್ದೆಯಡಿ ಆದೇಶ ಕೈಸೇರಿದ 30 ದಿನಗಳೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗಬೇಕು. ಬಾಯಿಮಾತಿನಲ್ಲಿ ‘ಆಗಲ್ಲ’ ಎಂದರೆ ಮೇಲ್ಮನವಿಗೆ ಆಧಾರವೇ ಇರುವುದಿಲ್ಲ. ಹಿಂಬರಹ ಕೇಳಿ ಪಡೆಯಿರಿ.

ಗಡಿ ದಾಟಿ ದುಡಿಯಲು ಹೋದ ಕುಟುಂಬಗಳ ಕಷ್ಟ ಇನ್ನೊಂದು ಬಗೆಯದು. ಕಲಬುರಗಿ, ವಿಜಯಪುರ ಕಡೆಯ ತಾಂಡಾಗಳಿಂದ ಪುಣೆ, ಮುಂಬೈಗೆ ಗುಳೆ ಹೋದ ಲಂಬಾಣಿ ಕುಟುಂಬಗಳನ್ನೇ ತೆಗೆದುಕೊಳ್ಳಿ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಪುಣೆಯಲ್ಲೇ ಹುಟ್ಟಿ ಬೆಳೆದ ಹುಡುಗಿ ಯಾವ ಪ್ರಮಾಣಪತ್ರ ತರಬೇಕು? ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದಂತೆ, ಪರಿಶಿಷ್ಟ ಜಾತಿಯ ಸ್ಥಾನಮಾನ ಮೂಲ ರಾಜ್ಯಕ್ಕೆ ಅಂಟಿಕೊಂಡದ್ದು. ವಲಸೆ ಹೋದ ರಾಜ್ಯದಲ್ಲಿ ಅದರ ಸವಲತ್ತು ಕೇಳಲಾಗದು. ಈ ಯೋಜನೆ ಕೇಂದ್ರದ್ದಾದ್ದರಿಂದ ಆ ಹುಡುಗಿ ಕರ್ನಾಟಕದ ಮೂಲದ ಆಧಾರದ ಮೇಲೆ ಪರಿಶಿಷ್ಟ ಜಾತಿಯವಳಾಗಿ ಅರ್ಜಿ ಹಾಕಬಹುದು. ಅದಕ್ಕೆ ತಂದೆಯ ಹೆಸರಿನಲ್ಲಿ ಊರಿನ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರವೇ ಕೀಲಿ. ಅದನ್ನು ಅರ್ಜಿಯ ಕೊನೆಯ ವಾರದಲ್ಲಿ ಹುಡುಕಲು ಹೊರಟರೆ ಸಿಗುವುದಿಲ್ಲ.

ಹೆಸರಿನ ತೊಡಕನ್ನು ನಮ್ಮವರು ತೀರ ಹಗುರವಾಗಿ ಕಾಣುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಪದವಿ ಪ್ರಮಾಣಪತ್ರದಲ್ಲಿ ಮುಂದೆ, ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ಸರ್‌ನೇಮ್. ಊರಲ್ಲಿ ಎಲ್ಲರಿಗೂ ಗೊತ್ತು ಇವನೇ ಅವನೆಂದು. ಪರಿಶೀಲನೆ ಮಾಡುವ ಗುಮಾಸ್ತನಿಗೆ ಗೊತ್ತಿಲ್ಲ. ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ ಪದವಾಗಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂಬ ಮೂರಕ್ಷರ ಕೂರುತ್ತದೆ. ಹಾಗಾಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗಲೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಹೆಸರನ್ನು ಬಿಡಿಸಿ ಬರೆಯಿರಿ. ವ್ಯತ್ಯಾಸ ಉಳಿದರೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ನೋಟರಿ ಎದುರು ಮಾಡಿಸಿ, ಕೇಳುವ ಮೊದಲೇ ಅರ್ಜಿಯ ಜತೆ ಸೇರಿಸಿ.

ಅಂಕದ ವಿಷಯದಲ್ಲೂ ಹಾಗೆಯೇ. ಸಿಜಿಪಿಎ ಇರುವವರು ತಾವೇ ಹತ್ತರಿಂದ ಗುಣಿಸಿ ಶೇಕಡಾ ತೋರಿಸಬಾರದು. ವಿಶ್ವವಿದ್ಯಾಲಯದ ಪರಿವರ್ತನಾ ಸೂತ್ರವನ್ನು ಕುಲಸಚಿವರ ಮೌಲ್ಯಮಾಪನ ವಿಭಾಗದಿಂದ ಬರಹದಲ್ಲಿ ಪಡೆಯಬೇಕು. ಘಟಿಕೋತ್ಸವ ಆಗದಿದ್ದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರ (ಪಿಡಿಸಿ) ಸಾಕೇ ಎಂಬುದನ್ನೂ ಮಾರ್ಗಸೂಚಿಯಲ್ಲೇ ನೋಡಬೇಕು. ಕೆಲಸದಲ್ಲಿರುವವರು ಉದ್ಯೋಗದಾತರ ನಿರಾಕ್ಷೇಪಣಾ ಪತ್ರಕ್ಕೆ ಮುಂಚೆಯೇ ಕೇಳಿಡಲಿ.

ಇಷ್ಟಾದ ಮೇಲೂ ಒಂದು ದಾಖಲೆ ತಡವಾಗಿ ಅರ್ಜಿ ತಿರಸ್ಕೃತವಾದರೆ? ಇಲ್ಲಿ ಕಾನೂನು ಸ್ವಲ್ಪ ಮೆತ್ತಗಿದೆ. ಡಾಲಿ ಛಂದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಒಂದು ಗೆರೆ ಎಳೆದಿದೆ. ಕೊನೆಯ ದಿನಾಂಕಕ್ಕೆ ಅರ್ಹತೆ ಇರಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಆ ಅರ್ಹತೆಗೆ ಪುರಾವೆ ಒದಗಿಸುವ ವಿಷಯದಲ್ಲಿ ಸಂದರ್ಭ ನೋಡಿ ಸಡಿಲಿಕೆ ತೋರಬಹುದು. ಕೊನೆಯ ದಿನದ ಹೊತ್ತಿಗೆ ನೀವು ಶೇ 60 ಪಡೆದು ಪಾಸಾಗಿದ್ದು, ವಿಶ್ವವಿದ್ಯಾಲಯ ಅಂಕಪಟ್ಟಿ ಕೊಡಲು ತಡಮಾಡಿದ್ದರೆ ನಿಮಗೆ ವಾದವಿದೆ. ಫಲಿತಾಂಶವೇ ಆಮೇಲೆ ಬಂದಿದ್ದರೆ ಇಲ್ಲ.

ಷರತ್ತಿಲ್ಲದ ಪ್ರವೇಶ

ಯೋಜನೆ ಕೇಳುವುದು ಷರತ್ತಿಲ್ಲದ ಪ್ರವೇಶ ಪತ್ರವನ್ನು. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಮೊದಲು ಕೊಡುವುದು ಸಾಮಾನ್ಯವಾಗಿ ಷರತ್ತಿನ ಪತ್ರ: ಅಂತಿಮ ಅಂಕಪಟ್ಟಿ ತನ್ನಿ, ಐಇಎಲ್‌ಟಿಎಸ್ ಅಂಕ ತನ್ನಿ, ಠೇವಣಿ ಕಟ್ಟಿ. ಅಂಕಪಟ್ಟಿ, ಐಇಎಲ್‌ಟಿಎಸ್ ನಮ್ಮ ಕೈಯಲ್ಲಿವೆ. ಠೇವಣಿಯೇ ಸಮಸ್ಯೆ, ಏಕೆಂದರೆ ವಿದ್ಯಾರ್ಥಿವೇತನ ಸಿಗದೆ ಠೇವಣಿ ಕಟ್ಟಲಾಗದು, ಠೇವಣಿ ಕಟ್ಟದೆ ಪತ್ರದ ಷರತ್ತು ಹೋಗದು. ಇದಕ್ಕೆ ದಾರಿ, ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು ತಾನು ಭಾರತ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುತ್ತಿರುವುದಾಗಿಯೂ ಠೇವಣಿ ಮನ್ನಾ ಮಾಡಬೇಕು ಇಲ್ಲವೇ ಗಡುವು ಮುಂದೂಡಬೇಕೆಂದೂ ಕೇಳುವುದು. ಪ್ರಾಯೋಜಿತ ವಿದ್ಯಾರ್ಥಿಗಳು ಹೀಗೆ ಕೇಳುವುದು ಅಲ್ಲಿ ಹೊಸದೇನಲ್ಲ. ನಮ್ಮ ಮಕ್ಕಳು ಕೇಳಲು ಸಂಕೋಚಪಟ್ಟು ಕೈಗಡ ತಂದು ಕಟ್ಟುತ್ತಾರೆ. ಕಟ್ಟಲೇಬೇಕಾಗಿ ಬಂದರೆ ವಾಪಸಾತಿ ನಿಯಮವನ್ನು ಮೊದಲು ಓದಬೇಕು.

ಆಯ್ಕೆಯಲ್ಲಿ ವಿಶ್ವವಿದ್ಯಾಲಯದ ಶ್ರೇಯಾಂಕಕ್ಕೆ ತೂಕವಿದೆ. ಹಾಗಾಗಿ ಕನ್ಸಲ್ಟೆನ್ಸಿಯವರು ಕಮಿಷನ್ ಸಿಗುವ ಸಂಸ್ಥೆಗಳ ಪಟ್ಟಿ ಮುಂದಿಟ್ಟರೆ ಅದನ್ನು ಬದಿಗಿಟ್ಟು, ನಿಮ್ಮ ವಿಷಯಕ್ಕೆ ಹೆಸರಾದ, ಶ್ರೇಯಾಂಕದಲ್ಲಿ ಮೇಲಿರುವ ಕಡೆಗಳಿಗೆ ನೀವೇ ನೇರವಾಗಿ ಬರೆಯಿರಿ. ‘ದೆಹಲಿಯಲ್ಲಿ ನಮ್ಮವರಿದ್ದಾರೆ, ಮಾಡಿಸಿಕೊಡುತ್ತೇವೆ’ ಎನ್ನುವವರ ಬಗ್ಗೆ ಹೇಳುವ ಅಗತ್ಯವೇ ಇಲ್ಲ.

ಪಟ್ಟಿಗೂ ಪತ್ರಕ್ಕೂ ನಡುವೆ

ಆಯ್ಕೆ ಪಟ್ಟಿ ಒಂದು ಹಂತ. ತಾತ್ಕಾಲಿಕ ಮಂಜೂರಾತಿ ಪತ್ರ ಎರಡನೆಯದು. ಅದರ ಬಲದ ಮೇಲೆ ವೀಸಾ, ಬಾಂಡ್ ಮುಂತಾದವನ್ನು ಪೂರೈಸಬೇಕು. ಅದಾದ ಮೇಲೆ ಅಂತಿಮ ಮಂಜೂರಾತಿ. ಈ ಮೂರರಲ್ಲಿ ನಿಮ್ಮ ಹಕ್ಕಿನ ಬಲ ಒಂದೇ ಅಲ್ಲ.

ಪಟ್ಟಿಯಲ್ಲಿ ಹೆಸರು ಬಂದಾಕ್ಷಣ ಹಣ ಪಡೆಯುವ ಅಖಂಡ ಹಕ್ಕು ಹುಟ್ಟುವುದಿಲ್ಲ. ನೌಕರಿಯ ಆಯ್ಕೆ ಪಟ್ಟಿಗಳ ಬಗ್ಗೆ ಶಂಕರ್‌ಸನ್ ದಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1991ರಲ್ಲಿ ಹೇಳಿದ್ದು ಇದನ್ನೇ. ಆದರೆ ಅದೇ ತೀರ್ಪಿನ ಮುಂದಿನ ಮಾತನ್ನು ಇಲಾಖೆಗಳು ಮರೆಯುತ್ತವೆ: ಹಾಗೆಂದು ಸರ್ಕಾರ ಮನಬಂದಂತೆ ನಡೆಯುವಂತಿಲ್ಲ, ಆಯ್ಕೆಯಾದವರನ್ನು ಬಿಡುವುದಕ್ಕೆ ಸರಿಯಾದ ಕಾರಣ ಇರಬೇಕು, ರ‍್ಯಾಂಕಿನ ಕ್ರಮ ಮುರಿಯಬಾರದು. ವಿದ್ಯಾರ್ಥಿವೇತನಕ್ಕೂ ಇದೇ ತರ್ಕವನ್ನು ಸಂವಿಧಾನದ 14ನೇ ವಿಧಿಯಡಿ ಮಂಡಿಸಬಹುದು. ತಾತ್ಕಾಲಿಕ ಪತ್ರ ಕೈಸೇರಿ, ಅದನ್ನು ನಂಬಿ ನೀವು ಕೆಲಸ ಬಿಟ್ಟು, ವೀಸಾಕ್ಕೆ ದುಡ್ಡು ಕಟ್ಟಿದ್ದರೆ ಇನ್ನೊಂದು ವಾದವೂ ಸೇರುತ್ತದೆ. ಸರ್ಕಾರ ಕೊಟ್ಟ ಮಾತನ್ನು ನಂಬಿ ನಡೆದವನ ವಿರುದ್ಧ ಸರ್ಕಾರ ಮಾತು ತಿರುಗಿಸಬಾರದು ಎಂಬ ವಾಗ್ದಾನ ಪ್ರತಿಬಂಧದ ತತ್ತ್ವವನ್ನು 1979ರ ಮೋತಿಲಾಲ್ ಪದಂಪತ್ ಶುಗರ್ ಮಿಲ್ಸ್ ಪ್ರಕರಣ ಗಟ್ಟಿಗೊಳಿಸಿದೆ. ಆದ್ದರಿಂದ ಪತ್ರ ಬಂದ ದಿನಾಂಕ, ಆಮೇಲೆ ಮಾಡಿದ ಪ್ರತಿ ಖರ್ಚಿನ ರಸೀದಿ, ರಾಜೀನಾಮೆಯ ಪ್ರತಿ ಎಲ್ಲವನ್ನೂ ಕ್ರಮವಾಗಿ ಇಟ್ಟುಕೊಳ್ಳಿ.

ತಿರಸ್ಕಾರಕ್ಕೆ ಕಾರಣ ತಿಳಿಯಲು ಮಾಹಿತಿ ಹಕ್ಕು ಕಾಯ್ದೆ, 2005 ಇದೆ. ಆನ್‌ಲೈನಿನಲ್ಲೇ 10 ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ‘ನನಗೇಕೆ ಕೊಡಲಿಲ್ಲ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಕಾಯ್ದೆ ಕೊಡಿಸುವುದು ದಾಖಲೆಯನ್ನು, ಸಮಜಾಯಿಷಿಯನ್ನಲ್ಲ. ನನ್ನ ಅರ್ಜಿಯ ಪರಿಶೀಲನಾ ಟಿಪ್ಪಣಿಯ ಪ್ರತಿ, ಆಯ್ಕೆ ಸಮಿತಿ ಸಭೆಯ ನಡವಳಿಯ ಪ್ರತಿ, ಆಯ್ಕೆಯಾದವರ ಶ್ರೇಯಾಂಕದ ಪಟ್ಟಿ ಎಂದು ಹೆಸರಿಸಿ ಕೇಳಿ. ಉತ್ತರಕ್ಕೆ 30 ದಿನ, ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅಲ್ಲಿಂದ 90 ದಿನಗಳೊಳಗೆ ಕೇಂದ್ರ ಮಾಹಿತಿ ಆಯೋಗ. ಸೆಪ್ಟೆಂಬರಿನ ತರಗತಿಗೆ ಇದು ತೀರ ನಿಧಾನ ಎನ್ನುವುದು ನಿಜ. ಅದಕ್ಕೇ ಅದರ ಜತೆಗೇ ಕೇಂದ್ರದ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರು ಹಾಕಬೇಕು, ಪರಿಶಿಷ್ಟ ಜಾತಿಯವರಾದರೆ ಸಂವಿಧಾನದ 338ನೇ ವಿಧಿಯಡಿಯ ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗಕ್ಕೂ ಬರೆಯಬೇಕು. ವಿಶ್ವವಿದ್ಯಾಲಯಕ್ಕೆ ಬರೆದು ಸೀಟನ್ನು ಮುಂದಿನ ವರ್ಷಕ್ಕೆ ಕಾದಿರಿಸಲು ಕೇಳುವುದು ಇವೆಲ್ಲಕ್ಕಿಂತ ತುರ್ತಿನ ಕೆಲಸ.

ಕೊನೆಗೆ ಹೈಕೋರ್ಟು. ಸಚಿವಾಲಯ ದೆಹಲಿಯಲ್ಲಿದ್ದ ಮಾತ್ರಕ್ಕೆ ದೆಹಲಿಗೇ ಹೋಗಬೇಕಿಲ್ಲ. ವ್ಯಾಜ್ಯ ಕಾರಣದ ಒಂದು ಭಾಗ ಇಲ್ಲಿ ಹುಟ್ಟಿದ್ದರೂ 226(2)ನೇ ವಿಧಿಯಡಿ ಕರ್ನಾಟಕ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಲು ಬರುತ್ತದೆ. ಬೀದರ್, ರಾಯಚೂರಿನವರಿಗೆ ಕಲಬುರಗಿ ಪೀಠ, ಬೆಳಗಾವಿ, ಬಳ್ಳಾರಿಯವರಿಗೆ ಧಾರವಾಡ ಪೀಠ ಇವೆ. ವಕೀಲರ ಶುಲ್ಕಕ್ಕೆ ಹೆದರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಮಿನಂತೆ ಪರಿಶಿಷ್ಟ ಜಾತಿ ಪಂಗಡದವರಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಬಹುದು, ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ನೇರವಾಗಿಯೂ ಹೋಗಬಹುದು. ನಿಯಮವೇ ತಪ್ಪು ಎಂದು ವಾದಿಸಿದರೆ ನ್ಯಾಯಾಲಯ ಹಿಂಜರಿಯುತ್ತದೆ, ಅದು ನೀತಿಯ ವಿಷಯ ಎನ್ನುತ್ತದೆ. ಇರುವ ನಿಯಮವನ್ನು ನನ್ನ ವಿಷಯದಲ್ಲಿ ಪಾಲಿಸಿಲ್ಲ ಎಂದು ತೋರಿಸಿದರೆ ಬೇಗ ಕಿವಿಗೊಡುತ್ತದೆ.

ಬಾಂಡಿಗೆ ಸಹಿ

1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ಅಂಬೇಡ್ಕರ್ ಅವರಿಗೆ ಕೊಲಂಬಿಯಾದಲ್ಲಿ ಓದಲು ತಿಂಗಳಿಗೆ ಹನ್ನೊಂದೂವರೆ ಪೌಂಡ್ ವಿದ್ಯಾರ್ಥಿವೇತನ ಮಂಜೂರು ಮಾಡಿದಾಗ, ಓದು ಮುಗಿಸಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವುದಾಗಿ ಕರಾರು ಬರೆಸಿಕೊಂಡರು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದ ಅಂಬೇಡ್ಕರ್ ಬರೋಡಕ್ಕೆ ಹೋದರು. ಅಲ್ಲಿ ಅವರಿಗೆ ಇರಲು ಮನೆ ಸಿಗಲಿಲ್ಲ. ತಂಗಿದ್ದ ಪಾರ್ಸಿ ವಸತಿಗೃಹದಿಂದಲೂ ಹೊರಹಾಕಿದರು. ಕರಾರಿನ ಹತ್ತು ವರ್ಷ ಅಲ್ಲಿ ಕಳೆಯಲು ಆಗಲೇ ಇಲ್ಲ. ಸರ್ಕಾರದ ಹಣದಲ್ಲಿ ಓದುವವರು ಕರಾರಿಗೆ ಬದ್ಧರಾಗುವುದು ಅಂದಿನಿಂದಲೂ ಇದೆ. ಅದನ್ನು ಪಾಲಿಸಲು ಬೇಕಾದ ಪರಿಸ್ಥಿತಿಯನ್ನು ಇನ್ನೊಂದು ಕಡೆಯವರು ಒದಗಿಸುತ್ತಾರೆಂದು ಕರಾರಿನಲ್ಲಿ ಬರೆದಿರುವುದಿಲ್ಲ.

ಆದ್ದರಿಂದ ಬಾಂಡನ್ನು ಓದಿ ಸಹಿ ಮಾಡಿ, ಅರ್ಥವಾಗದಿದ್ದರೆ ಓದಿಸಿಕೊಳ್ಳಿ. ಅದು ಭಾರತೀಯ ಕರಾರು ಕಾಯ್ದೆ, 1872ರ ಅಡಿಯ ಒಪ್ಪಂದ. ಓದು ಅರ್ಧಕ್ಕೆ ನಿಂತರೆ ಏನು, ಕೋರ್ಸ್ ಬದಲಿಸಿದರೆ ಏನು, ವಾಪಸ್ ಬರಬೇಕೇ, ಎಷ್ಟು ದಿನದೊಳಗೆ, ಹಣ ಮರಳಿಸುವುದಾದರೆ ಬಡ್ಡಿ ಇದೆಯೇ: ಈ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಬೇಕು. ಜಾಮೀನುದಾರರ ಸಹಿ ಕೇಳಿದ್ದರೆ ಅವರ ಮನೆಯಲ್ಲೂ ಕೂತು ಮಾತಾಡಿ. ‘ಬರೀ ಸಹಿ ಅಷ್ಟೇ ಮಾವ’ ಎಂದು ಹಾಕಿಸಿಕೊಳ್ಳುವುದು ಸರಿಯಲ್ಲ. ಆ ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ. ಅಂದರೆ ಇಲಾಖೆ ಮೊದಲು ನಿಮ್ಮ ಬೆನ್ನು ಹತ್ತಿ, ಅಲ್ಲಿ ಸಿಗದಿದ್ದರೆ ಮಾತ್ರ ಸೋದರಮಾವನ ಮನೆಗೆ ಬರಬೇಕೆಂದೇನಿಲ್ಲ, ನೇರವಾಗಿ ಅವರ ಬಳಿಗೇ ಬರಬಹುದು.

ಅಲ್ಲಿಗೆ ಹೋದ ಮೇಲೆ ಭತ್ಯೆ ತಡವಾಗುವುದುಂಟು. ಹಣ ಬರುವುದು ಭಾರತೀಯ ರಾಯಭಾರ ಕಚೇರಿಯ ಮೂಲಕ. ಅಲ್ಲಿಗೆ ಪ್ರಗತಿ ವರದಿ ಸಮಯಕ್ಕೆ ತಲುಪುವಂತೆ ನೋಡಿಕೊಳ್ಳಿ. ಮಾರ್ಗದರ್ಶಕರು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರು, ನಾನೂ ಹಿಂದೆ ಹೋದೆ ಎಂಬುದು ಪಿಎಚ್‌ಡಿಯಲ್ಲಿ ಸಹಜವಾದರೂ ಸಚಿವಾಲಯದ ಲಿಖಿತ ಒಪ್ಪಿಗೆ ಬರುವ ಮುಂಚೆ ಹೆಜ್ಜೆ ಇಡಬಾರದು. ಬಾಡಿಗೆ ಕಟ್ಟಲಾಗದ ಸ್ಥಿತಿ ಬಂದರೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಮೊದಲ ದಿನವೇ ಹೇಳಿ; ತುರ್ತು ನೆರವಿನ ನಿಧಿ ಹಲವು ಕಡೆ ಇರುತ್ತದೆ. ರಾಯಭಾರ ಕಚೇರಿ ಉತ್ತರಿಸದಿದ್ದರೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ 2015ರಿಂದ ಇದೆ. ಅದರಲ್ಲಿ ದೂರು ದಾಖಲಿಸಿ, ಸಿಕ್ಕ ಸಂಖ್ಯೆಯನ್ನು ಮುಂದಿನ ಎಲ್ಲ ಇಮೇಲ್‌ಗಳ ತಲೆಬರಹದಲ್ಲೂ ಹಾಕುತ್ತಾ ಹೋಗಿ.